‘ಇತ್ತ್’ ಅಂದರೆ ಇದೆ: ಮನೆಯಲ್ಲೇ ಕೂತು ಪಾಡ್‌ಕಾಸ್ಟ್ ಮಾಡಿದ ನನ್ನ ಅನುಭವ

ಮದುವೆಯಾದ ಹೊಸತು. ಕುಂದಾಪುರದ ಹತ್ತಿರ ಅತ್ತೆಯ ಮನೆ. ಒಂದು ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ನಾನು ತಡವಾಗಿ ಅಡುಗೆಮನೆಗೆ ಹೋದೆ. "ಅನ್ನ ಇದೆಯಾ ಅತ್ತೆ?" ಅಂತ ಕೂಗಿದೆ. ಅಂಗಳದಿಂದಲೇ ಅವರು "ಇತ್ತ್, ಇತ್ತ್" ಅಂದರು. ನಾನು ಹಾವೇರಿ ಕಡೆಯವಳು. ನಮ್ಮಲ್ಲಿ ‘ಇತ್ತು’ ಅಂದರೆ ಮುಗಿದುಹೋದ ಕಥೆ. ಅನ್ನ ಖಾಲಿಯಾಗಿದೆ ಅಂದುಕೊಂಡು ಎರಡು ಬಾಳೆಹಣ್ಣು ತಿಂದು ಮಲಗಿದೆ. ಸಂಜೆ ಅತ್ತೆ ಪಾತ್ರೆಯ ಮುಚ್ಚಳ ತೆಗೆದರೆ ಅನ್ನ ಹಾಗೇ ಇತ್ತು.

ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಅಂದರೆ ‘ಇದೆ’. ‘ಹ್ಯಾಂಗಿತ್ತ್?’ ಅಂದರೆ ‘ಹೇಗಿದೆ?’ ಇದನ್ನ ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಅಲ್ಲವಾ, ಐತಿ ಅನ್ನಾಕ ಏನಾಗಿತ್ತು ಅವರಿಗೆ?" ಅಂದಳು. ಅತ್ತೆಗೆ ‘ಐತಿ’ ಕೇಳಿದರೆ ನಗು, ಅವ್ವನಿಗೆ ‘ಇತ್ತ್’ ಕೇಳಿದರೆ ನಗು. ನಾನು ನಡುವೆ.

ಆಮೇಲೆ ಬೆಂಗಳೂರಿಗೆ ಬಂದೆವು. ದಿನಾ ಬಸ್ಸಿನಲ್ಲಿ ಹೋಗಿ ಬರಲು ಎರಡೂವರೆ ಗಂಟೆ. ಆ ಹೊತ್ತಿನಲ್ಲಿ ಭಾಷೆಯ ಬಗ್ಗೆ ಇಂಗ್ಲಿಷ್ ಪಾಡ್‌ಕಾಸ್ಟುಗಳನ್ನ ಕೇಳುವ ಚಟ ಹತ್ತಿತು. ಹೆಲನ್ ಜಾಲ್ಟ್ಸ್‌ಮನ್ 2015ರಿಂದ ನಡೆಸುತ್ತಿರುವ ‘ದಿ ಅಲ್ಯೂಷನಿಸ್ಟ್’, ಇಬ್ಬರು ಭಾಷಾವಿಜ್ಞಾನಿಗಳು ಹರಟೆ ಹೊಡೆಯುವ ‘ಲಿಂಗ್‌ತೂಸಿಯಾಸಂ’. ಕನ್ನಡದಲ್ಲಿ 2018ರಲ್ಲಿ ಶುರುವಾದ ‘ತಲೆ-ಹರಟೆ’ಯನ್ನೂ ಕೇಳುತ್ತಿದ್ದೆ. ಕನ್ನಡದಲ್ಲಿ ಗಂಟೆಗಟ್ಟಲೆ ಸುಮ್ನೆ ಕೂತು ಮಾತಾಡಿದರೂ ಜನ ಕೇಳುತ್ತಾರೆ ಅನ್ನೋ ಧೈರ್ಯ ಬಂದದ್ದು ಅಲ್ಲಿಂದ. ಆದರೆ ನನಗೆ ಬೇಕಿದ್ದದ್ದು ಅತ್ತೆಯ ಕನ್ನಡ, ಅವ್ವನ ಕನ್ನಡ. ಅದು ಎಲ್ಲೂ ಸಿಗಲಿಲ್ಲ. ನಾನೇ ಮಾಡೋಣ ಅಂದುಕೊಂಡೆ.

ಸಾಮಾನು ಜಾಸ್ತಿ ಬೇಕಾಗಲಿಲ್ಲ. ಫೋನಿಗೆ ಚುಚ್ಚುವ, ಸೆರಗಿಗೆ ಸಿಕ್ಕಿಸುವ ಎರಡು ಚಿಕ್ಕ ಮೈಕುಗಳು, ರೆಕಾರ್ಡ್ ಆದದ್ದನ್ನ ಕತ್ತರಿಸಿ ಜೋಡಿಸಲು ಪುಕ್ಕಟೆ ಸಿಗುವ ಆಡಾಸಿಟಿ ಅನ್ನೋ ಸಾಫ್ಟ್‌ವೇರ್. ಗೋಡೆಗೆ ಹೊಡೆದು ಬರುವ ಗುಂಯ್ ಸದ್ದಿಗೆ ಸ್ಪಂಜು ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅವ್ವ ಹೊಲಿದ ಎರಡು ಕೌದಿಗಳನ್ನ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಹಾಕಿ ನಡುವೆ ಕೂತೆ. ಹಳೆ ಸೀರೆಯ ಏಳೆಂಟು ಪದರ ಇರುವ ಕೌದಿ ಸದ್ದನ್ನ ಚೆನ್ನಾಗಿ ನುಂಗುತ್ತದೆ. ಫ್ಯಾನ್ ಆರಿಸಬೇಕು, ಫ್ರಿಜ್ ಪ್ಲಗ್ ತೆಗೆಯಬೇಕು. ಆಮೇಲೆ ಪ್ಲಗ್ ಹಾಕಲು ಮರೆತು ಒಮ್ಮೆ ಹಾಲು ಒಡೆಸಿದ್ದೇನೆ. ಈಗ ಮನೆಯ ಬೀಗದ ಕೈಯನ್ನೇ ಫ್ರಿಜ್ಜಿನ ಒಳಗೆ ಇಟ್ಟು ರೆಕಾರ್ಡಿಂಗಿಗೆ ಕೂರುತ್ತೇನೆ.

ಮೊದಲ ಅತಿಥಿ ಅತ್ತೆ. ಮೈಕ್ ಸಿಕ್ಕಿಸಿದೆ, ಕೆಂಪು ಗುಂಡಿ ಒತ್ತಿದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ. ನಾನು ಈಗ ನಮ್ಮ ಊರಿನ ಬಗ್ಗೆ ಎರಡು ಮಾತುಗಳನ್ನು ಹೇಳಲು ಇಚ್ಛಿಸುತ್ತೇನೆ" ಅಂದರು.

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಒಂದೇ ಒಂದು ‘ಇತ್ತ್’ ಇಲ್ಲ. ಎಲ್ಲ ‘ಇದೆ’, ‘ಇರುತ್ತದೆ’. ಮೈಕ್ ತೆಗೆದ ತಕ್ಷಣ, "ಸಾಕಾ ಮಗಾ? ಚಾ ಇತ್ತ್, ಕುಡಿ" ಅಂದರು. ನನಗೆ ಬೇಕಿದ್ದ ಕಂತು ಆ ನಾಲ್ಕು ಮಾತಿನಲ್ಲಿತ್ತು. ಅದು ರೆಕಾರ್ಡ್ ಆಗಿರಲಿಲ್ಲ.

ಅವ್ವನ ಹತ್ತಿರ ಹೋದರೂ ಇದೇ ಪಾಡು. ಜೀವಮಾನವಿಡೀ ‘ಮಾಡಾಕತ್ತೀನಿ’ ಅಂದವಳು ಮೈಕ್ ಮುಂದೆ ‘ಮಾಡುತ್ತಿದ್ದೇನೆ’ ಆದಳು. ತಪ್ಪು ಅವರದ್ದಲ್ಲ. ಮೈಕ್ ಅಂದರೆ ಅವರಿಗೆ ಗೊತ್ತಿರುವುದು ಆಕಾಶವಾಣಿಯ ಪ್ರದೇಶ ಸಮಾಚಾರ, ಶಾಲೆಯ ವಾರ್ಷಿಕೋತ್ಸವ. ಅಲ್ಲಿ ಆಡುವ ಕನ್ನಡವೇ ಬೇರೆ ಅಂತ ಅವರು ಚಿಕ್ಕಂದಿನಿಂದ ಕೇಳಿ ಕಲಿತಿದ್ದಾರೆ. (ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ಮೈಸೂರಿನ ಒಂದು ಮನೆಯಲ್ಲಿ. ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿದರು. ಮನೆಯಲ್ಲೇ ಕೂತು ಪಾಡ್‌ಕಾಸ್ಟ್ ಮಾಡುವ ನಮ್ಮಂಥವರಿಗೆ ಅವರೇ ಮೂಲಪುರುಷರು ಅನ್ನಬಹುದು.)

ಈ ತೊಂದರೆಗೆ ಭಾಷಾವಿಜ್ಞಾನಿಗಳು ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ವಿಲಿಯಂ ಲಬೋವ್ 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಜನರ ಮಾತು ಕೂಡಿಸುತ್ತಿದ್ದರು. ಯಾರೂ ಗಮನಿಸದೆ ಇರುವಾಗ ಜನ ಹೇಗೆ ಮಾತಾಡುತ್ತಾರೆ ಅಂತ ತಿಳಿಯಬೇಕು, ಆದರೆ ಗಮನಿಸದೆ ತಿಳಿಯುವ ದಾರಿ ಇಲ್ಲ. ಇದಕ್ಕೆ ಅವರು ಹುಡುಕಿದ ಒಂದು ಉಪಾಯ: ‘ಇನ್ನೇನು ಸತ್ತೇಹೋದೆ ಅಂತ ಅನ್ನಿಸಿದ್ದು ಯಾವಾಗಾದರೂ ಇದೆಯಾ?’ ಅಂತ ಕೇಳುವುದು. ಆ ಕಥೆ ಹೇಳುವಾಗ ಮನುಷ್ಯನಿಗೆ ತನ್ನ ವ್ಯಾಕರಣದ ಮೇಲೆ ನಿಗಾ ಇರುವುದಿಲ್ಲ.

ಹಿರಿಯರ ಹತ್ತಿರ ಹೋಗಿ ಸಾವಿನ ಮಾತು ಎತ್ತೋದು ನಮ್ಮಲ್ಲಿ ನಡೆಯೋದಿಲ್ಲ. "ಬಿಡ್ತು ಅನ್ನು" ಅಂದುಬಿಡುತ್ತಾರೆ. ಅದಕ್ಕೆ ಪ್ರಶ್ನೆಯನ್ನ ಸ್ವಲ್ಪ ತಿರುಗಿಸಿದೆ. ಅತ್ತೆಗೆ, "ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗ್ತಿದ್ರಂತಲ್ಲ, ದೋಣಿ ಯಾವತ್ತೂ ಮಗುಚಲಿಲ್ವಾ?" ಅಂದೆ. ಮೊದಲ ಎರಡು ವಾಕ್ಯ ‘ಇಚ್ಛಿಸುತ್ತೇನೆ’ ಕನ್ನಡದಲ್ಲೇ ಬಂದವು. ಮೂರನೆಯದಕ್ಕೆ ಹೊಳೆ ತುಂಬಿತು. "ದೋಣಿ ಅಲ್ಲಾಡೂಕೆ ಶುರು ಆಯ್ತ್ ಮಗಾ" ಅಂದವರು ಕೈ ಅಲ್ಲಾಡಿಸಿದ ಭರಕ್ಕೆ ಮೈಕ್ ಕಿತ್ತು ಕೆಳಗೆ ಬಿತ್ತು. ಅದನ್ನ ಎತ್ತಿ ಸಿಕ್ಕಿಸುವಾಗಲೂ ಅವರು ನಿಲ್ಲಿಸಲಿಲ್ಲ. ‘ಹೋಪ’, ‘ಬಪ್ಪ’, ‘ಕಾಂಬ’ ಎಲ್ಲ ಬಂತು. ನಾವು ‘ಹೋಗೋಣ’ ಅನ್ನೋದಕ್ಕೆ ಅವರದ್ದು ‘ಹೋಪ’. ಹಳೆಗನ್ನಡದ ‘ಪೋಪ’ಕ್ಕೂ ಅತ್ತೆಯ ‘ಹೋಪ’ಕ್ಕೂ ನಡುವೆ ಒಂದೇ ಅಕ್ಷರದ ದೂರ. ಪಿಯುಸಿಯಲ್ಲಿ ಹಳೆಗನ್ನಡ ಓದಲು ಒದ್ದಾಡಿದ ನಾನು ಅದೇ ಸರಕಿನ ಜೊತೆ ಹತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದೆ!

ಎರಡನೇ ಕಂತು ಈರುಳ್ಳಿಯದ್ದು. ಬೆಂಗಳೂರು, ಮೈಸೂರಿನ ಈರುಳ್ಳಿ ನಮ್ಮ ಕಡೆ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ. ಅದಕ್ಕೆ ಜನ ತಾವಾಗಿಯೇ ಬೇರೆ ತರಕಾರಿ ಸೇರಿಸಿದರು. ಕಡ್ಲೆಕಾಯಿ, ಶೇಂಗಾ, ನೆಲಗಡಲೆ. ಆಲೂಗಡ್ಡೆ, ಬಟಾಟೆ. ಬಟಾಟೆ ಪೋರ್ಚುಗೀಸರ ಹಡಗಿನಲ್ಲಿ ಬಂದ ಪದ. ಕಂತು ಸಲೀಸಾಗಿ ಆಯಿತು, ಎಲ್ಲರಿಗೂ ಇಷ್ಟವಾಯಿತು. ನನಗೆ ಮಾತ್ರ ಅಷ್ಟು ಹಿಡಿಸಲಿಲ್ಲ. ಪದಗಳ ಪಟ್ಟಿ ಓದಲು ಪಾಡ್‌ಕಾಸ್ಟ್ ಯಾಕೆ, ಗೋಡೆಗೆ ಚಾರ್ಟ್ ಅಂಟಿಸಿದರೂ ಆಯಿತಲ್ವಾ?

ಮೂರನೆಯದಕ್ಕೆ ಮಂಡ್ಯ ಕಡೆಯ ಒಬ್ಬ ಅಜ್ಜನ ಮನೆಗೆ ಹೋದೆ. ಪರಿಚಯದವರ ತಂದೆ. ನಾನು ಆ ಹೊತ್ತಿಗೆ ಒಂದು ಪಾಠ ಓದಿಕೊಂಡಿದ್ದೆ: ಅತಿಥಿ ಮಾತಾಡುವಾಗ ನೀವು ಸದ್ದು ಮಾಡಬಾರದು, ಸುಮ್ನೆ ತಲೆ ಆಡಿಸಿ, ಇಲ್ಲದಿದ್ದರೆ ಎಡಿಟ್ ಮಾಡಲು ಕಷ್ಟ. ಹಾಗೇ ಮಾಡಿದೆ. ಎರಡು ನಿಮಿಷಕ್ಕೆ ಅಜ್ಜ ನಿಲ್ಲಿಸಿದರು. "ಕೇಳುಸ್ಕತಿದ್ದೀಯೇನವ್ವ, ಇಲ್ಲ ನಿದ್ದೆ ಬಂತಾ?"

ನಾಚಿಕೆಯಾಯಿತು. ಕಥೆ ಕೇಳುವವರು ‘ಹ್ಞೂಂ’ಗುಟ್ಟಬೇಕು. ಚಿಕ್ಕಂದಿನಲ್ಲಿ ಕಥೆ ಹೇಳಿಸಿಕೊಂಡು ಬೆಳೆದ ಎಲ್ಲರಿಗೂ ಇದು ಗೊತ್ತು. ಹ್ಞೂಂ ನಿಂತರೆ ಮಗು ಮಲಗಿತು ಅಂತ ಅರ್ಥ, ಅಜ್ಜಿಯೂ ಕಥೆ ನಿಲ್ಲಿಸುತ್ತಾಳೆ. ಪರದೇಶದವರ ಪಾಠವನ್ನ ತಂದು ಮಂಡ್ಯದ ಜಗುಲಿಯಲ್ಲಿ ಹಾಕಿದರೆ ಹೀಗೇ ಆಗೋದು. ಅವತ್ತಿನಿಂದ ಇಬ್ಬರ ಮೈಕನ್ನೂ ಬೇರೆ ಬೇರೆ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆಯಿತು, ಆಮೇಲೆ ಪರದೆಯ ಮೇಲೆ ಎದ್ದು ಕಾಣುವ ಎರಡೂ ಕಡೆಯ ಚಪ್ಪಾಳೆಯ ಗೆರೆಯನ್ನ ಒಂದಕ್ಕೊಂದು ಸೇರಿಸಬಹುದು. ನನ್ನ ಹ್ಞೂಂ ಜಾಸ್ತಿಯಾಯಿತು ಅನ್ನಿಸಿದ ಕಡೆ ನನ್ನ ದನಿಯನ್ನಷ್ಟೇ ತಗ್ಗಿಸುತ್ತೇನೆ. ಪೂರ್ತಿ ತೆಗೆಯೋದಿಲ್ಲ. ಒಮ್ಮೆ ತೆಗೆದು ನೋಡಿದ್ದೆ, ಅಜ್ಜ ಗೋಡೆಯ ಜೊತೆ ಮಾತಾಡಿದ ಹಾಗೆ ಕೇಳಿಸಿತು.

ಅಜ್ಜನ ಮಾತಿನಲ್ಲಿ ಇನ್ನೊಂದು ವಿಷಯ ಇತ್ತು. ಆ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಶಾಲೆಯಲ್ಲಿ ಇದಕ್ಕೆ ಮೇಷ್ಟ್ರ ಕೈಯಲ್ಲಿ ಏಟು ತಿಂದವರು ಎಷ್ಟೋ ಜನ. ಮೈಕ್ ನೋಡಿದ ಅಜ್ಜನಿಗೆ ಆ ಏಟು ನೆನಪಾಯಿತೋ ಏನೋ, ಮೊದಲ ಐದು ನಿಮಿಷ ಹ ಬೇಡದ ಕಡೆಯೂ ಹ ಸೇರಿಸಿದರು. ಆಕಾಶ ‘ಹಾಕಾಶ’ ಆಯಿತು. ಗದ್ದೆಯಲ್ಲಿ ಹಾವು ಕಂಡ ಕಥೆ ಕೇಳಿದ ಮೇಲೆ ಸರಿಹೋಯಿತು. "ಇಷ್ಟುದ್ದ ಆವು ಬಂದ್ಬುಡ್ತು" ಅಂದರು.

ಹಳೆಗನ್ನಡದಲ್ಲಿ ಅದು ‘ಪಾವು’. ಪಾಲ್ ಹೋಗಿ ಹಾಲು ಆಯಿತು, ಪಳ್ಳಿ ಹೋಗಿ ಹಳ್ಳಿ ಆಯಿತು, ಪಾವು ಹೋಗಿ ಹಾವು ಆಯಿತು. ಪ ಹೋಗಿ ಹ ಬಂದಾಗ ಅದು ಭಾಷೆಯ ಬೆಳವಣಿಗೆ. ಹ ಕೂಡ ಉದುರಿದರೆ ಮಾತ್ರ ತಪ್ಪು ಉಚ್ಚಾರಣೆ! ಅತ್ತೆಯ ‘ಹೋಪ’ದಲ್ಲಿ ಮೊದಲ ಪ ಹ ಆಗಿ ಎರಡನೆಯ ಪ ಉಳಿದುಕೊಂಡಿದೆ. ಅಜ್ಜನ ‘ಆವು’ ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಕಂತಿನ ಮಾತೆಲ್ಲ ಇದರ ಸುತ್ತಲೇ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗಲೇ ಲೆಕ್ಕ ಹಾಕಿದ್ದೆ.

ಮನೆಗೆ ಬಂದು ಕೇಳಿದರೆ ಹಿಂದೆ ಪಂಪ್‌ಸೆಟ್ಟಿನ ಸದ್ದು. ಆಡಾಸಿಟಿಯಲ್ಲಿ ಸದ್ದು ತೆಗೆಯುವ ಸೌಲಭ್ಯ ಇದೆ. ಬರೀ ಪಂಪಿನ ಸದ್ದಿರುವ ಎರಡು ಸೆಕೆಂಡ್ ತೋರಿಸಿದರೆ, ಅಂಥದ್ದನ್ನೆಲ್ಲ ಅದೇ ಗುಡಿಸಿಹಾಕುತ್ತದೆ. ಅತಿಯಾಸೆಯಿಂದ ಜೋರಾಗಿ ಗುಡಿಸಿದೆ. ಪಂಪು ಹೋಯಿತು. ಜೊತೆಗೆ ಹಕಾರವೂ ಹೋಯಿತು! ಹ ಅಂದರೆ ಬರೀ ಉಸಿರು ತಾನೆ? ಯಂತ್ರಕ್ಕೆ ಅದೂ ಸದ್ದಿನ ಹಾಗೇ ಕಾಣುತ್ತದೆ. ಅಜ್ಜ ಎಲ್ಲಿ ‘ಹಾಕಾಶ’ ಅಂದರು, ಎಲ್ಲಿ ‘ಆಕಾಶ’ ಅಂದರು ಅನ್ನೋದೇ ತಿಳಿಯದ ಹಾಗಾಯಿತು. ಪುಣ್ಯಕ್ಕೆ ಮೂಲ ಫೈಲ್ ಇಟ್ಟುಕೊಂಡಿದ್ದೆ. ಅತ್ತೆಯ ಹಳೆಯ ಕಂತು ತೆಗೆದು ನೋಡಿದರೆ ಅಲ್ಲೂ ‘ಇತ್ತ್’ನ ಕೊನೆಯ ‘ತ್’ ಎಷ್ಟೋ ಕಡೆ ಮಾಯ. ಕೆಲವು ಫೋನುಗಳು ರೆಕಾರ್ಡ್ ಮಾಡುವಾಗಲೇ ಈ ಕೆಲಸ ಮಾಡಿಬಿಡುತ್ತವೆ, ಸೆಟ್ಟಿಂಗಿನಲ್ಲಿ ಅದನ್ನ ಆಫ್ ಮಾಡಬೇಕು. ಈಗ ನಾನು 80 ಹರ್ಟ್ಜ್‌ಗಿಂತ ಕೆಳಗಿನ ಗೊರಗೊರ ಮಾತ್ರ ಪೂರ್ತಿ ಕತ್ತರಿಸುತ್ತೇನೆ. ಉಳಿದದ್ದನ್ನ 6 ಡೆಸಿಬಲ್‌ಗಿಂತ ಜಾಸ್ತಿ ಇಳಿಸುವುದಿಲ್ಲ. ಸ್ವಲ್ಪ ಪಂಪು ಕೇಳಿಸಿದರೆ ಕೇಳಿಸಲಿ.

ಪ್ರಕಟಿಸುವ ಮುಂಚೆ ಅಜ್ಜನ ಮಗ ಫೋನ್ ಮಾಡಿದರು. "ಅಪ್ಪನ ಭಾಷೆ ಸ್ವಲ್ಪ ಒರಟು ಮೇಡಂ, ಎಲ್ಲಾರೂ ಕೇಳ್ತಾರೆ. ಇನ್ನೊಂದ್ಸಲ ನೀಟಾಗಿ ಹೇಳಿಸ್ಲಾ?" ನನಗೆ ಸಿಟ್ಟು ಬಂತು, ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ಅರ್ಥವಾಗದ ಮಾತಲ್ಲ. ಆ ಮಾತಿಗೆ ಸಿನಿಮಾದಲ್ಲಿ, ಕಾಲೇಜಿನಲ್ಲಿ ಜನ ನಕ್ಕದ್ದನ್ನ ಅವರು ನೋಡಿದ್ದಾರೆ. ಕೊನೆಗೆ ಪೂರ್ತಿ ಕಂತನ್ನ ಅಜ್ಜನಿಗೇ ಕೇಳಿಸಿದೆ. ‘ಆವು’, ‘ಅಳ್ಳಿ’ ಬಗ್ಗೆ ಅವರು ಏನೂ ಅನ್ನಲಿಲ್ಲ. ಗಮನಿಸಿದಂತೆಯೂ ಕಾಣಲಿಲ್ಲ. ನಾಲೆ ನೀರಿನ ಜಗಳದಲ್ಲಿ ಅಣ್ಣನ ಹೆಸರು ಬಂದಿತ್ತು, "ಅದ ತಗೆದ್ಬುಡವ್ವ, ಸತ್ತೋರ್ ಮಾತ್ಯಾಕೆ" ಅಂದರು. ತೆಗೆದೆ. ಅವತ್ತಿನಿಂದ ಯಾರ ಕಂತನ್ನೂ ಅವರಿಗೆ ಕೇಳಿಸದೆ ಹಾಕುವುದಿಲ್ಲ. ಏನನ್ನ ಮುಚ್ಚಿಡಬೇಕು ಅನ್ನೋದರಲ್ಲಿ ನನ್ನ ಊಹೆ ಅರ್ಧಕ್ಕರ್ಧ ತಪ್ಪುತ್ತದೆ.

ಹಂಚುವ ಕೆಲಸ ದೊಡ್ಡದೇನಲ್ಲ. ಫೈಲನ್ನ ಮೋನೋ ಎಂಪಿ3 ಮಾಡಿದರೆ ಅರ್ಧ ಗಂಟೆಗೆ 20 ಎಂಬಿ ಆಸುಪಾಸು. ಪಾಡ್‌ಕಾಸ್ಟ್ ಇಡುವ ಒಂದು ತಾಣಕ್ಕೆ ಏರಿಸಿದರೆ ಆರ್‌ಎಸ್‌ಎಸ್ ಕೊಂಡಿ (ಹೊಸ ಕಂತು ಬಂದದ್ದನ್ನ ಆ್ಯಪ್‌ಗಳಿಗೆ ತಿಳಿಸುವ ವೆಬ್ ವಿಳಾಸ) ಸಿಗುತ್ತದೆ, ಅದನ್ನ ಸ್ಪಾಟಿಫೈ, ಆಪಲ್‌ಗೆ ಕೊಟ್ಟರೆ ಆಯಿತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಬಾಗಿಲು ಹಾಕಿದಾಗ ಅಲ್ಲಿ ಕೇಳುತ್ತಿದ್ದವರು ಚೆಲ್ಲಾಪಿಲ್ಲಿಯಾದರು. ಆದರೆ ನನ್ನ ಕೇಳುಗರಲ್ಲಿ ಮುಕ್ಕಾಲು ಪಾಲು ಇರುವುದು ವಾಟ್ಸಾಪಿನಲ್ಲಿ. ಅಲ್ಲಿ ಮೂವತ್ತು ನಿಮಿಷದ್ದನ್ನ ಯಾರೂ ಕೇಳೋದಿಲ್ಲ. ಎಂಟು ನಿಮಿಷದ ತುಂಡು ಮಾಡಿ ಕಳಿಸುತ್ತೇನೆ. ಕೇಳಿದವರು ಅಲ್ಲೇ ದನಿಯಲ್ಲಿ ಉತ್ತರ ಕಳಿಸುತ್ತಾರೆ. ಅದು ಎಲ್ಲಕ್ಕಿಂತ ಚೆಂದ, ಯಾಕೆಂದರೆ ವಾಟ್ಸಾಪಿನಲ್ಲಿ ಮಾತಾಡುವಾಗ ಯಾರಿಗೂ ಅದು ಮೈಕ್ ಅಂತ ಅನ್ನಿಸುವುದಿಲ್ಲ. ಮಸ್ಕತ್ತಿನಲ್ಲಿ ಹೋಟೆಲ್ ಕೆಲಸದಲ್ಲಿರುವ ಒಬ್ಬರು ರಾತ್ರಿ ಹನ್ನೆರಡಕ್ಕೆ ಕಳಿಸಿದ್ದರು: "ನಿಮ್ಮ ಅತ್ತೆ ದನಿ ಕೇಂಡ್ರೆ ನಮ್ಮ ಅಬ್ಬಿ ನೆನಪಾತ್ತ್." ಅಬ್ಬಿ ಅಂದರೆ ಅಮ್ಮ. ಹಿಂದೆ ಪಾತ್ರೆ ತೊಳೆಯುವ ಸದ್ದು. ಅದನ್ನ ಕಂತಿಗೆ ಸೇರಿಸುವಾಗ ಯಾವ ಸದ್ದನ್ನೂ ತೆಗೆಯಲಿಲ್ಲ.

ಈಗ ಪ್ರತಿ ಕಂತಿನ ಮಾತನ್ನ ಬರೆದೂ ಹಾಕುತ್ತಿದ್ದೇನೆ, ಕಿವಿ ಮಂದವಾದವರಿಗೆ ಅಂತ. ಇದು ಎಣಿಸಿದ್ದಕ್ಕಿಂತ ಕಷ್ಟ. ಅವ್ವನ ‘ಮ್ಯಾಲೆ’ಯಲ್ಲಿ ಬರುವ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ‘್ಯಾ’ ಹಾಕಿ ಒಪ್ಪಿಸಬೇಕು. ಅದಕ್ಕಿಂತ ಫೋನಿನ ಕೀಲಿಮಣೆಯದ್ದು ದೊಡ್ಡ ಕಾಟ. ಅಜ್ಜನ ‘ಆವು’ವನ್ನ ಅದು ‘ಹಾವು’ ಮಾಡುತ್ತದೆ, ಅವ್ವನ ‘ಐತಿ’ಯ ಬದಲು ಇನ್ನೇನೋ ಕೂರಿಸುತ್ತದೆ. ಕಳೆದ ವಾರ ನಾನು ನೋಡದೆ ಒಂದು ಕಂತಿನ ಬರಹ ಹೊರಟುಹೋಯಿತು. ಅತ್ತೆ ಮೊಮ್ಮಗನನ್ನ ಊಟಕ್ಕೆ ಕರೆಯುವ ಭಾಗ ಅದು. ಹತ್ತು ನಿಮಿಷಕ್ಕೆ ಅವ್ವನ ಫೋನ್ ಬಂತು.

"ಅಲ್ಲವಾ, ‘ಅನ್ನ ಇತ್ತು ಬಾ’ ಅಂತ ಬರದೀಯಲ್ಲ. ಖಾಲಿ ಆದ ಮ್ಯಾಲೆ ಕೂಸಿನ್ನ ಯಾಕ ಕರೀತಾರ?"