ಪುಸ್ತಕದ ಇಂಗ್ಲಿಷ್ ಪದಗಳನ್ನು ಉರು ಹೊಡೆಯಬೇಡಿ, ಮುರಿದು ನೋಡಿ

ಪಿಯುಸಿಯಲ್ಲಿದ್ದಾಗ ನಾನೊಂದು ಪರೀಕ್ಷೆಯಲ್ಲಿ ಬಯಾಗ್ರಫಿ ಅಂತ ಬರೆಯಬೇಕಾದ ಕಡೆ ಬಿಬ್ಲಿಯಾಗ್ರಫಿ ಅಂತ ಬರೆದು ಬಂದಿದ್ದೆ. ಜೀವನಚರಿತ್ರೆ ಕೇಳಿದರೆ ಪುಸ್ತಕಗಳ ಪಟ್ಟಿ ಕೊಟ್ಟ ಹಾಗಾಯಿತು. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಈಗ ಅಕ್ಕನ ಮಗಳು ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಕಾಂಪಿಟೇಟಿವ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಾಗ "ಮಾಮ, ಈ ಪದಗಳು ತಲೇಲಿ ನಿಲ್ತಾನೇ ಇಲ್ಲ" ಅಂದಳು. ಅವಳಿಗೆ ಹೇಳಿದ್ದು ಇಷ್ಟು.

ಒಂದು ಹಾಳೆ ತಗೊಂಡು ನಡುವೆ 'ಬಿಬ್ಲಿಯೊ' ಅಂತ ಬರೆಯಿರಿ. (ನಾವು ಬರೆದಿದ್ದು ಮಂಡಕ್ಕಿ ಕಟ್ಟಿದ ಪೇಪರಿನ ಮೇಲೆ, ಎಣ್ಣೆ ಹತ್ತದ ಮೂಲೆ ಹುಡುಕಿ.) ಗ್ರೀಕಿನಲ್ಲಿ ಬಿಬ್ಲಿಯೊನ್ ಅಂದರೆ ಪುಸ್ತಕ. ಅದರ ಹಿಂದೆ ಬಿಬ್ಲೊಸ್ ಇದೆ, ಅಂದರೆ ಪಪೈರಸ್. ನೈಲ್ ನದಿ ಬದಿಯಲ್ಲಿ ಬೆಳೆಯುತ್ತಿದ್ದ ಈ ಜೊಂಡಿನ ತಿರುಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಪದರ ಉದ್ದಕ್ಕೆ ಇನ್ನೊಂದು ಪದರ ಅಡ್ಡಕ್ಕೆ ಹಾಸಿ, ಒತ್ತಿ ಒಣಗಿಸಿದರೆ ಬರೆಯೋಕೆ ಹಾಳೆ ಸಿಗುತ್ತಿತ್ತು. ಗಿಡದ ಹೆಸರು ಪುಸ್ತಕಕ್ಕೆ ಬಂತಾ ಅನ್ನಬೇಡಿ. ಚನ್ನಗಿರಿ ಕಡೆ ಅಡಿಕೆ ಮರದಿಂದ ಬೀಳೋದೂ ಹಾಳೆ, ನಿಮ್ಮ ನೋಟ್‌ಬುಕ್ಕಿನಲ್ಲಿರೋದೂ ಹಾಳೆ, ಅಲ್ವಾ?

ಈಗ ಬಿಬ್ಲಿಯೊಗೆ ಬಾಲ ಅಂಟಿಸಿ. 'ಗ್ರಫಿ' ಬರವಣಿಗೆ. 'ಫೈಲ್' ಪ್ರೀತಿಸುವವನು, ಹಾಗಾಗಿ ಬಿಬ್ಲಿಯೊಫೈಲ್ ಪುಸ್ತಕಪ್ರೇಮಿ. 'ಮೇನಿಯ' ಹುಚ್ಚು. 'ಕ್ಲೆಪ್ಟ್' ಕಳ್ಳ, ಓದಿ ಕೊಡ್ತೀನಿ ಅಂತ ಒಯ್ದು ಆಮೇಲೆ ಫೋನೇ ಎತ್ತದ ನಿಮ್ಮ ಗೆಳೆಯನೇ ಬಿಬ್ಲಿಯೊಕ್ಲೆಪ್ಟ್. ಇನ್ನು ನನ್ನ ಮಾನ ಕಳೆದ ಬಯಾಗ್ರಫಿ: 'ಬಿಯೊಸ್' ಅಂದರೆ ಬದುಕು. ಮುಂದೆ 'ಆಟೊ' ಸೇರಿಸಿದರೆ ತನ್ನ ಬದುಕನ್ನು ತಾನೇ ಬರೆದದ್ದು. 'ಎಪಿ' ಅಂದರೆ ಮೇಲೆ. ಕಲ್ಲಿನ ಮೇಲೆ ಬರೆದದ್ದನ್ನು ಓದುವ ವಿದ್ಯೆ ಎಪಿಗ್ರಫಿ. ಇದಕ್ಕೆ ಉದಾಹರಣೆ ಬೇಕಂದರೆ ಚಿತ್ರದುರ್ಗ ಜಿಲ್ಲೆಯಲ್ಲೇ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅದನ್ನು ಬರೆದ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿಕೊಂಡು, ತಾನು ಲಿಪಿಕಾರ ಅಂತ ಬೇರೆ ಹೇಳಿಕೊಂಡಿದ್ದಾನೆ.

ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ನಿಜವಾಗಿ ನೆನಪಲ್ಲಿ ಉಳಿಯೋದು ಮುಂದಿನ ಕೆಲಸದಿಂದ. ಪದ ಮುರಿದ ಮೇಲೆ ಅದೇ ಥರ ಕಟ್ಟಿದ ಕನ್ನಡ ಪದ ಹುಡುಕಿ. ಪ್ರೊಲಾಗ್: 'ಪ್ರೊ' ಮುಂಚೆ, 'ಲೋಗೊಸ್' ನುಡಿ. ಮುನ್ನುಡಿ! ಒಂದು ಇಟ್ಟಿಗೆಯೂ ಆಚೀಚೆ ಇಲ್ಲ. ಥೆಸಾರಸ್ (ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಕೊಡೋ ಪುಸ್ತಕ) ಅಂದರೆ ಗ್ರೀಕಿನಲ್ಲಿ ಭಂಡಾರ, ನಿಧಿ. ನಮ್ಮ ಪದಕೋಶದ 'ಕೋಶ'ಕ್ಕೂ ಅದೇ ಅರ್ಥ, ಬೊಕ್ಕಸ. ಗ್ಲಾಸರಿ, ಅಂದರೆ ಕಷ್ಟದ ಪದಗಳ ಅರ್ಥದ ಪಟ್ಟಿ; ಅದರ 'ಗ್ಲೊಸ್ಸ' ನಾಲಿಗೆ, ನುಡಿ. ನನಗೆ ತುಂಬಾ ಇಷ್ಟವಾದದ್ದು ಆಂಥಾಲಜಿ, ಅಂದರೆ ಹಲವರ ಬರಹಗಳ ಸಂಕಲನ. 'ಆಂಥೊಸ್' ಹೂವು, 'ಲೆಗೆಯಿನ್' ಆಯುವುದು. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಮೆಲಿಯಾಗರ್ ಅನ್ನೋ ಕವಿ ಹಲವರ ಪದ್ಯ ಸೇರಿಸಿ, ಆ ಸಂಗ್ರಹಕ್ಕೆ 'ಮಾಲೆ' ಅಂತಲೇ ಹೆಸರಿಟ್ಟು, ಒಬ್ಬೊಬ್ಬ ಕವಿಯನ್ನೂ ಒಂದೊಂದು ಹೂವಿಗೆ ಹೋಲಿಸಿದ. ನಾವೂ ಪುಸ್ತಕಗಳ ಸಾಲಿಗೆ ಮಾಲೆ ಅಂತಲೇ ಅನ್ನುತ್ತೇವೆ. ಇವನ್ನೆಲ್ಲ ಎರಡು ಸಲ ಬರೆದರೆ ಸಾಕು, ಮೂರನೇ ಸಲ ಬೇಕಾಗುವುದಿಲ್ಲ.

ಒಂದು ಕಡೆ ಮಾತ್ರ ಹುಷಾರು. ಪುಸ್ತಕಕ್ಕೆ ಸೇರಿದ್ದೆಲ್ಲ ಗ್ರೀಕ್ ಅಲ್ಲ. ಲೈಬ್ರರಿ ಲ್ಯಾಟಿನ್ನಿನದು. ಪೇಜ್, ಇಂಡೆಕ್ಸ್ ಕೂಡ. ಬುಕ್ ಅಂತೂ ಇಂಗ್ಲಿಷಿನ ಸ್ವಂತ ಮನೆಯ ಪದ. ಸ್ಪೆಲ್ಲಿಂಗಿನಲ್ಲಿ 'ಫ'ಕ್ಕೆ ಪಿ-ಎಚ್ ಇದ್ದರೆ ಸಾಮಾನ್ಯವಾಗಿ ಗ್ರೀಕ್ ಅಂತ ಅನುಮಾನ ಪಡಬಹುದು, ಆದರೆ ಡಿಕ್ಷನರಿ ನೋಡದೆ ಬಾಜಿ ಕಟ್ಟಬೇಡಿ.

ಎದ್ದು ಹೊರಡುವಾಗ ಅವಳಿಗೆ ಒಂದು ಪದ ಕೊಟ್ಟೆ: ಟೋಮ್. ದಪ್ಪ ಪುಸ್ತಕ, ಇಲ್ಲ ದೊಡ್ಡ ಪುಸ್ತಕದ ಒಂದು ಭಾಗ. ಗ್ರೀಕಿನ 'ತೊಮೊಸ್', ಕತ್ತರಿಸಿದ ತುಂಡು. ಕನ್ನಡದಲ್ಲಿ ಏನು ಹೇಳು ಅಂದೆ. ಮೆಣಸಿನಕಾಯಿ ಬಾಯಲ್ಲಿಟ್ಟುಕೊಂಡೇ ಯೋಚಿಸಿದಳು. ಬಸ್‌ಸ್ಟಾಪ್ ಹತ್ತಿರ ಬಂದಾಗ ಹಿಂದಿನಿಂದ ಕೂಗಿದಳು, "ಮಾಮ, ಖಂಡ! ಮೊದಲನೇ ಖಂಡ, ಎರಡನೇ ಖಂಡ!"