ವಿಂಡೋಸ್ 11 ಹಾಕಿ ಎಂಟು ದಿನ ಆಯ್ತು, ಕೈ ಇನ್ನಾ ಎಡಗಡೆ ಮೂಲಿಗೇ ಹೋಗ್ತದ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ ಅದ, ಎರಡು ಕಂಪ್ಯೂಟರ್. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಅರ್ಜಿ, ಬಾಂಡ್ ಟೈಪಿಂಗು, ಬಯೋಡಾಟಾ, ಸೀಸನ್ ಬಂದ್ರ ಲಗ್ನಪತ್ರಿಕಿ. ವಿಂಡೋಸ್ 10ಕ್ಕ 2025 ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗದದ, ಆದ್ರ ನಾ ನಾಳಿ ಮಾಡಿದ್ರಾಯ್ತು ಅಂತ ದೂಡ್ಕೋತ ಬಂದಿದ್ದೆ, ಯಾಕಂದ್ರ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಟೈಪ್ ಮಾಡಿದ ಹತ್ತು ವರ್ಷದ ಫೈಲ್ ಎಲ್ಲಾ ಅದರಾಗೇ ಅವ, ಅವು ಹೋದ್ವು ಅಂದ್ರ ಅಂಗಡಿ ಶಟರ್ ಎಳದಂಗೇ.

ಹೋದ ಐತವಾರ ಗಟ್ಟಿ ಮನಸ್ಸು ಮಾಡಿ ಕುಂತೆ. ಮೊದಲ ಎಲ್ಲಾ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ. ಆಮ್ಯಾಲ ಕಂಪ್ಯೂಟರಿಗೆ 11 ಹತ್ತತದೋ ಇಲ್ಲೋ ಹೇಳೋ ಪಿಸಿ ಹೆಲ್ತ್ ಚೆಕ್ ಓಡಿಸಿದ್ರ ಎಂಟನೇ ಜನರೇಶನ್ ಐ3 ಪ್ರೊಸೆಸರ್ ನಡೀತದ, ಟಿಪಿಎಂ 2.0 (ಕೀಲಿ, ಪಾಸ್‌ವರ್ಡ್ ಕಾಯೋ ಸುರಕ್ಷತಾ ಚಿಪ್) ಇಲ್ಲ ಅಂತು. ಹೊಸ ಬೋರ್ಡಿಗೆ ರೊಕ್ಕ ಹಾಕಬೇಕೇನಪ್ಪಾ ಅಂತ ಎದಿ ಧಸಕ್ ಅಂತು, ನೋಡಿದ್ರ ಅದು ಬೋರ್ಡಿನಾಗೇ ಇತ್ತು, ಬಯೋಸ್‌ನಾಗ (ಕಂಪ್ಯೂಟರ್ ಚಾಲೂ ಆಗೋ ಮೂಲ ಸೆಟ್ಟಿಂಗು) ಬಂದ್ ಇತ್ತು ಅಷ್ಟೇ. ಇಂಟೆಲ್‌ದಾಗ ಅದಕ್ಕ ಪಿಟಿಟಿ ಅಂತಾರ, ಎಎಂಡಿದಾಗ ಎಫ್‌ಟಿಪಿಎಂ. ಮುಂದ ಸೆಕ್ಯೂರ್ ಬೂಟ್ (ಚಾಲೂ ಆಗುವಾಗ ನಂಬಿಕಿ ಸಾಫ್ಟ್‌ವೇರ್ ಅಷ್ಟೇ ಬಿಡೋದು) ತಕರಾರು. ಅದಕ್ಕ ಯುಇಎಫ್‌ಐ ಅನ್ನೋ ಹೊಸ ನಮೂನಿ ಬಯೋಸ್ ಬೇಕು, ಯುಇಎಫ್‌ಐಗೆ ಡಿಸ್ಕ್ ಜಿಪಿಟಿ (ಡಿಸ್ಕ್ ಭಾಗ ಮಾಡೋ ಹೊಸ ಪದ್ಧತಿ) ಇರಬೇಕು, ನಂದು ಹಳೇ ಪದ್ಧತಿ ಎಂಬಿಆರ್. ಫಾರ್ಮ್ಯಾಟ್ ಹೊಡಿಬ್ಯಾಡ್ರಿ, ವಿಂಡೋಸ್‌ನಾಗೇ ಎಂಬಿಆರ್‌ಟುಜಿಪಿಟಿ ಅಂತ ಕಮಾಂಡ್ ಅದ, ಮೊದಲ ವ್ಯಾಲಿಡೇಟ್ ಕೊಟ್ಟು ನೋಡ್ರಿ, ಪಾಸ್ ಆದ್ರ ಕನ್ವರ್ಟ್. ಕನ್ವರ್ಟ್ ಏನೋ ಆಯ್ತು, ಬಯೋಸ್‌ನಾಗ ಲೆಗಸಿ ಅನ್ನೋ ಹಳೇ ಪದ್ಧತಿ ತಗದು ಯುಇಎಫ್‌ಐ ಮಾಡೋದು ನಾನೇ ಮರತೆ, ಕರೀ ಪರದಿ ಮ್ಯಾಲೇ ನಿಂತ್ಬಿಡ್ತು, ಆ ಹತ್ತು ನಿಮಿಷದ ಕತಿ ಕೇಳಬ್ಯಾಡ್ರಿ. ಮತ್ತ ಯುಪಿಎಸ್ ಬ್ಯಾಟರಿ ಸರಿ ಇದ್ರ ಮಾತ್ರ ಇದಕ್ಕ ಕೈ ಹಾಕ್ರಿ, ನಮ್ ಕಡೆ ಕರೆಂಟಿನ ಹಣೇಬರಹ ಗೊತ್ತದಲ್ಲ.

ಅಪ್‌ಗ್ರೇಡ್ ಆದಮ್ಯಾಲ ಫೈಲು, ನುಡಿ ಫಾಂಟು ಎಲ್ಲಾ ಇದ್ದಲ್ಲೇ ಇದ್ವು. ಸ್ಟಾರ್ಟ್ ಬಟನ್ ಮಾತ್ರ ನಡುವ ಬಂದು ಕುಂತದ. ಸೆಟ್ಟಿಂಗ್ಸ್‌ನಾಗ ಎಡಕ್ಕ ತರಬಹುದು, ನಾ ಹಠಕ್ಕ ಬಿಟ್ಟೀನಿ, ಕಲೀಲಿ ಕೈ ಅಂತ. ರೈಟ್ ಕ್ಲಿಕ್ ಭಾಳ ಕಾಡ್ತು: ಕಟ್, ಕಾಪಿ, ಪೇಸ್ಟ್ ಸಣ್ಣ ಚಿತ್ರ ಆಗಿ ಸಾಲಾಗಿ ಕುಂತಾವ, ಉಳಿದದ್ದು ಬೇಕಂದ್ರ 'ಶೋ ಮೋರ್ ಆಪ್ಷನ್ಸ್' ಒತ್ತಬೇಕು. ದಿನಕ್ಕ ನೂರು ಸಲ ಯಾರು ಒತ್ತಬೇಕ್ರಿ? ಶಿಫ್ಟ್ ಹಿಡದು ರೈಟ್ ಕ್ಲಿಕ್ ಮಾಡಿದ್ರ ಹಳೇ ಮೆನು ಸೀದಾ ಬರ್ತದ.

ಛಲೋ ಅನ್ಸಿದ್ದೂ ಅದ. ಸೋಮವಾರ ಆಳಂದ ಕಡಿಂದ ಒಬ್ರು ಕಾಕಾ ಅರ್ಜಿ ತುಂಬಸ್ಲಿಕ್ಕ ಬಂದ್ರು. ವಿಂಡೋಸ್ ಕೀ ಜೊತಿ ಝಡ್ ಒತ್ತಿ, ಪರದಿ ಭಾಗ ಮಾಡೋ ನಮೂನಿ ಆರಿಸಿ, ಎಡಕ್ಕ ಅವರ ಆಧಾರ್ ಸ್ಕ್ಯಾನು, ಬಲಕ್ಕ ಫಾರ್ಮು ಇಟ್ಟೆ, ಹಿಂದ ಮುಂದ ಓಡಾಡೋದೇ ತಪ್ತು. ಕಾಕಾ ಬಗ್ಗಿ ನೋಡಿ, "ತಮ್ಮಾ, ಅಪ್ಪನ ಹೆಸರಿನಾಗ ಒಂದ್ ಅಕ್ಷರ ಬಿಟ್ಟೀದಿ ನೋಡು" ಅಂದ್ರು. ಖರೇನೇ ಬಿಟ್ಟಿದ್ದೆ.

ವಿಂಡೋಸ್ 10ಕ್ಕ ಹಿಂದಕ್ಕ ಹೋಗ್ಲಿಕ್ಕ ಹತ್ತೇ ದಿನ ಟೈಮ್ ಇರ್ತದ, ಆಮ್ಯಾಲ ಹಳೇ ವಿಂಡೋಸ್ ಫೋಲ್ಡರ್ ತಾನೇ ಅಳಸ್ಕೋತದ. ನಂಗಿನ್ನ ಎರಡು ದಿನ ಅವ, ಹೋಗಂಗಿಲ್ಲ ಬಿಡ್ರಿ. ಹಳೇ ಲೇಸರ್ ಪ್ರಿಂಟರ್ ಒಂದೇ ಇದರಾಗ ಮಾತಾಡವಲ್ದು. ಎರಡನೇ ಕಂಪ್ಯೂಟರ್ ನಾಕನೇ ಜನರೇಶನ್‌ದು, 11 ಹತ್ತಂಗಿಲ್ಲ, ಸಪೋರ್ಟ್ ಮುಗದ 10ರಾಗ ನೆಟ್ ಬ್ಯಾಡ ಅಂತ ಅದರ ನೆಟ್ ವೈರ್ ಕಿತ್ತು ಪ್ರಿಂಟರ್ ಅದಕ್ಕೇ ಹಚ್ಚೀನಿ. ಇಲ್ಲಿ ಟೈಪ್ ಮಾಡೋದು, ಪೆನ್‌ಡ್ರೈವ್ ಹಿಡ್ಕೊಂಡು ಅಲ್ಲಿಗೆ ಹೋಗೋದು.