ಮನೆ ದೂರ ಇದ್ದವರ ಮಂಡಿ

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಅಂತ ಒಂದು ಸಾಲು ಇರುತ್ತದೆ. ಎಲ್ಲಿಗೆ, ಹೇಗೆ ಹೋಗುವುದು ಅಂತ ಯಾರೂ ಬರೆಯುವುದಿಲ್ಲ. ಉಡುಪಿ, ಮಣಿಪಾಲದವರಿಗೆ ತೊಂದರೆಯಿಲ್ಲ, ಇಲ್ಲಿ ನಮ್ಮಂಥ ಫಿಸಿಯೋಥೆರಪಿಸ್ಟರಿಗೇನೂ ಬರವಿಲ್ಲ. ಹೆಬ್ರಿ ಕಡೆಯವರು, ಬೈಂದೂರಿನ ಒಳಗಿನವರು ಏನು ಮಾಡಬೇಕು? ಆಪರೇಷನ್ ಮಾಡಿ ಮಂಡಿ ಕೀಲು ಬದಲಾಯಿಸಿದ ಹೊಸತರಲ್ಲಿ ಬಸ್ಸು ಹತ್ತುವುದೇ ಕಷ್ಟ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ರಿಕ್ಷಾ ಮಾಡಿದರೆ ಬಾಡಿಗೆಯೇ ನನ್ನ ಫೀಸಿಗಿಂತ ಜಾಸ್ತಿ. ಜೊತೆಗೆ ಬಂದ ಮಗನ ಒಂದು ದಿನದ ಕೂಲಿಯೂ ಹೋಯಿತು. ಹಾಗಾಗಿ ಒಂದೆರಡು ಸಲ ಬಂದು ನಿಲ್ಲಿಸಿಬಿಡುತ್ತಾರೆ. ಅವರನ್ನು ಸೋಮಾರಿಗಳು ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಆದರೆ ಮಂಡಿ ಕಾಯುವುದಿಲ್ಲ. ಆಪರೇಷನ್ ಆದ ಮೊದಲ ಆರು ವಾರದಲ್ಲಿ ಅದನ್ನು ಬಗ್ಗಿಸಿ, ನೆಟ್ಟಗೆ ಮಾಡಿ ಇಟ್ಟುಕೊಳ್ಳದಿದ್ದರೆ ಆಮೇಲೆ ಬಿಗಿದುಕೊಂಡದ್ದನ್ನು ಬಿಡಿಸುವುದು ದೊಡ್ಡ ರಗಳೆ. ಅದಕ್ಕೇ ದೂರದವರ ಹತ್ತಿರ ನಾನು ಮೊದಲು ಕೇಳುವುದು ನೋವಿನ ವಿಷಯ ಅಲ್ಲ. ಮನೆ ಹೇಗೆ ಉಂಟು, ಹಗಲು ಜೊತೆಗೆ ಯಾರಿರ್ತಾರೆ ಅಂತ.

ಹೆಬ್ರಿ ಕಡೆ ಬೀಡಿ ಕಟ್ಟುವ ಒಬ್ಬರು ಅಜ್ಜಿಯ ಮನೆಗೆ ಹೋದಾಗ ಮಂಡಿಯ ಕೆಳಗೆ ಮೆತ್ತಗಿನ ದಿಂಬು ಇತ್ತು. “ಹೀಗಿಟ್ರೆ ಹಾಯಾಗ್ತದೆ ಡಾಕ್ಟ್ರೇ” ಅಂದರು. ಹಾಯೇ, ಆದರೆ ಮಂಡಿ ಮಡಚಿಕೊಂಡೇ ಗಟ್ಟಿಯಾಗುತ್ತದೆ. ದಿಂಬು ತೆಗೆದು, ಸ್ನಾನದ ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಟ್ಟೆ. ತೊಡೆ ಬಿಗಿಹಿಡಿದು ಮಂಡಿಯನ್ನು ಕೆಳಗೆ ಒತ್ತಬೇಕು, ಐದು ಎಣಿಸಿ ಬಿಡಬೇಕು. ನೆಲದಲ್ಲಿ ಕೂರುವುದು ಬಂದ್. ಕುರ್ಚಿಯಲ್ಲಿ ಕೂತು, ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟಬಹುದು. ಒಂದು ಕಟ್ಟು ಮುಗಿದಾಗಲೆಲ್ಲ ಪಾದವನ್ನು ಕುರ್ಚಿಯಡಿಗೆ ಹತ್ತು ಸಲ ಜಾರಿಸಬೇಕು. ‘ದಿನಕ್ಕೆ ಇಷ್ಟು ಹೊತ್ತು’ ಅಂದಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಬೀಡಿಯ ಲೆಕ್ಕ ಮಾತ್ರ ಅವರು ತಪ್ಪುವವರಲ್ಲ!

ಅಲ್ಲಿ ವಿಡಿಯೋ ಕಾಲ್ ನಡೆಯುವುದಿಲ್ಲ. ಸೊಸೆ ಒಂದು ಬದಿಯಿಂದ ವಿಡಿಯೋ ಮಾಡಿ, ಸಿಗ್ನಲ್ ಸಿಕ್ಕಾಗ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಹಿಮ್ಮಡಿ ಕುರ್ಚಿಯ ಕಾಲಿನಿಂದ ಎಷ್ಟು ಹಿಂದೆ ಹೋಯಿತು ಅಂತ ನೋಡಿದರೆ ನನಗೆ ಅಂದಾಜು ಸಿಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿಟ್ಟಿದ್ದೆ: ಮೀನಖಂಡ ಊದಿ ನೋವು ಬಂದರೆ ವಿಡಿಯೋ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಪಾರ್ಶ್ವವಾಯುವಿಗೆ ಈ ಉಪಾಯ ಸಾಲದು. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ, ಆದರೆ ಅದು ಕೈಮುಟ್ಟಿ ಕಲಿಸುವ ಕೆಲಸ. ಮನೆಯವರು ಪ್ರೀತಿಯಿಂದಲೇ ಬಿದ್ದುಹೋದ ಕೈ ಹಿಡಿದು ಎಳೆದು ಏಳಿಸುತ್ತಾರೆ, ಭುಜದ ಕೀಲು ಜಗ್ಗಿ ನೋವು ಶುರುವಾಗುತ್ತದೆ. ಸೊಂಟ ಹಿಡಿದು ಏಳಿಸುವುದನ್ನು ಫೋನಿನಲ್ಲಿ ಕಲಿಸಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಎಣ್ಣೆ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅಷ್ಟರಿಂದಲೇ ಕಾಲು ನಡೆಯುವುದಿಲ್ಲ, ಅಲ್ವಾ? ಇಂಥವರ ಮನೆಗೆ ನಾನೇ ಹೋಗುತ್ತೇನೆ. ಒಂದೇ ದಿಕ್ಕಿನ ಮನೆಗಳನ್ನು ಒಂದೇ ದಿನಕ್ಕೆ ಸೇರಿಸಿಕೊಂಡರೆ ಪೆಟ್ರೋಲಿನ ಖರ್ಚು ಹಂಚಿಹೋಗುತ್ತದೆ.

ಮಂಡಿಯವರಿಗಾದರೆ ಈಗ ಆಪರೇಷನ್ನಿಗೆ ಮೊದಲೇ ಪಾಠ ಶುರು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕಮೋಡ್ ಕುರ್ಚಿ ಮನೆಗೆ ಬಂದಮೇಲೆಯೇ ಆಸ್ಪತ್ರೆಗೆ ಸೇರಿ ಅನ್ನುತ್ತೇನೆ.